ಆರು ಮಳೆಗಾಲ ದಾಟಿದ ಹನ್ನೊಂದು ಪ್ರಿಂಟ್‌ಗಳು

ಈ ಸಲ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದ ಮರುದಿನ ನನ್ನ ಹನ್ನೊಂದು ಪ್ರಿಂಟ್‌ಗಳನ್ನೂ ಮೂವತ್ತು ಚಿಲ್ಲರೆ ಫೋಟೊ ಪುಸ್ತಕಗಳನ್ನೂ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಅಂಚಿನಿಂದ ಅಂಚಿಗೆ ನೋಡಿದೆ. ಎಲ್ಲಿಯೂ ಒಂದು ಚುಕ್ಕೆ ಬೂಷ್ಟು ಇಲ್ಲ. ಇದು ಸತತ ಆರನೆಯ ಮಳೆಗಾಲ. “ಮಡಿಕೇರಿ ಕಡೆ ದಿನಾ ಹಾಕುವ ಚಪ್ಪಲಿಗೇ ಬೂಷ್ಟು ಬರುತ್ತದೆ, ನಿಮ್ಮ ಕಾಗದ ಉಳಿಯುತ್ತದೆಯೇ ಭಾವ?” ಎಂದು ವರ್ಷವೂ ಕೇಳುತ್ತಿದ್ದ ಹೆಂಡತಿಯ ತಮ್ಮನನ್ನೇ ಕರೆದು ತೋರಿಸಿದೆ. ಅವನು ಮಾತಾಡಲಿಲ್ಲ. ಮುಂದಿನ ವಾರ ತನ್ನ ಮದುವೆಯ ಆಲ್ಬಮ್ ತಂದು, ಇದನ್ನೂ ಅಲ್ಲೇ ಇಡಿ ಎಂದ.

ಪ್ರಿಂಟ್‌ಗಳು ಮೈಸೂರಿನ ಹಿರಿಯ ಛಾಯಾಗ್ರಾಹಕರೊಬ್ಬರವು. 1980ರ ದಶಕದಲ್ಲಿ ಕೊಡಗಿನ ಗುಡ್ಡಗಳನ್ನು ಸುತ್ತಿ ತೆಗೆದು, ಕತ್ತಲೆಕೋಣೆಯಲ್ಲಿ ತಾವೇ ಮಾಡಿದ ಕಪ್ಪು-ಬಿಳುಪು ಬೆಳ್ಳಿ ಪ್ರಿಂಟ್‌ಗಳು, ಅಂದರೆ ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಮೂಡಿಸಿದವು. ಹನ್ನೊಂದಕ್ಕೂ ಸೇರಿ ನಲವತ್ತು ಸಾವಿರದ ಆಸುಪಾಸು ಕೊಟ್ಟಿದ್ದೆ. ಪುಸ್ತಕಗಳಿಗೆ ಇಷ್ಟು ವರ್ಷಗಳಲ್ಲಿ ಲಕ್ಷದ ಹತ್ತಿರ ಹೋಗಿರಬಹುದು. ಕಾಳುಮೆಣಸಿಗೆ ಒಳ್ಳೆಯ ಬೆಲೆ ಬಂದ ವರ್ಷ ಶುರುವಾದ ಹುಚ್ಚು ಇದು.

ಮೊದಲನೆಯ ಮಳೆಗಾಲದಲ್ಲಿ ಎಲ್ಲವನ್ನೂ ಸ್ಟೀಲ್ ಬೀರುವಿನಲ್ಲಿಟ್ಟು, ನುಸಿಗುಳಿಗೆ ಹಾಕಿ, ಜೂನ್‌ನಲ್ಲಿ ಬೀಗ ಜಡಿದೆ. ಸೆಪ್ಟೆಂಬರ್‌ನಲ್ಲಿ ತೆಗೆದಾಗ ನುಣುಪು ಕಾಗದದ ದೊಡ್ಡ ಪುಸ್ತಕವೊಂದು ಇಟ್ಟಿಗೆಯಾಗಿತ್ತು. ಆ ಕಾಗದದ ಮೇಲಿನ ಲೇಪ ನೀರು ಕುಡಿದರೆ ಅಂಟಿನಂತಾಗುತ್ತದೆ, ಒಣಗಿದ ಮೇಲೆ ಬಿಡಿಸಲು ಬರುವುದಿಲ್ಲ. ಏಳು ಸಾವಿರ ಹೋಯಿತು. ಗೋಡೆಗೆ ಹಾಕಿದ್ದ ಪ್ರಿಂಟ್‌ನ ಗತಿ ಇನ್ನೂ ಕೆಟ್ಟದ್ದು. ಚೌಕಟ್ಟು ಮಾಡಿದವರು ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟು ಕೊಡದೆ ಗಾಜನ್ನು ನೇರ ಚಿತ್ರದ ಮೇಲೆ ಕೂರಿಸಿದ್ದರು. ಆಗಸ್ಟ್‌ಗೆ ಆಕಾಶದ ಭಾಗ ಗಾಜಿಗೆ ಅಂಟಿತ್ತು. ಹನ್ನೆರಡಿದ್ದದ್ದು ಹನ್ನೊಂದಾದದ್ದು ಹೀಗೆ.

ಎರಡನೆಯ ವರ್ಷ ಬೀರುವಿನೊಳಗೆ ಅರವತ್ತು ವ್ಯಾಟ್ ಬಲ್ಬ್ ಉರಿಸಿದೆ. ಮೇಲಿನ ಅರೆಯ ಕಾಗದ ಒಣಗಿ ಸುರುಳಿಯಾಯಿತು, ಕೆಳಗಿನದ್ದು ಹಸಿಯಾಗಿಯೇ ಉಳಿಯಿತು. ಗಾಳಿಮಳೆಗೆ ನಾಲ್ಕು ದಿನ ಕರೆಂಟ್ ಹೋದಾಗ ಬೀರುವಿನ ಒಳಗೋಡೆಯಲ್ಲಿ ನೀರು ಹನಿಕಟ್ಟಿತು. ಅದೇ ವರ್ಷ ಇನ್ನೊಂದು ಪ್ರಯೋಗ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬೀಜ ವರ್ಷಗಟ್ಟಲೆ ಕೆಡುವುದಿಲ್ಲ ಎಂದು ನಾನೇ ಮುದ್ರಿಸಿದ ಎರಡು ಚಿತ್ರಗಳನ್ನು ಅಲ್ಲಿಟ್ಟೆ. ಬೂಷ್ಟು ಬರಲಿಲ್ಲ, ನಿಜ. ಹೊಗೆಗೆ ಕಾಗದ ಚಹಾದ ಬಣ್ಣಕ್ಕೆ ತಿರುಗಿತ್ತು.

ದಾರಿ ಕಂಡದ್ದು ಕಾಫಿ ಗೋದಾಮಿನಲ್ಲಿ. ಪಾರ್ಚ್‌ಮೆಂಟ್, ಅಂದರೆ ತೊಳೆದು ಒಣಗಿಸಿದ ಹೊಟ್ಟುಸಹಿತ ಕಾಫಿ ಬೀಜದ ತೇವಾಂಶವನ್ನು ಶೇಕಡಾ ಹತ್ತರ ಆಸುಪಾಸಿಗೆ ಇಳಿಸಿ, ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡುತ್ತೇವೆ. ಆಗಾಗ ಜಾಗ ಬದಲಿಸುತ್ತೇವೆ. ಗೋಡೆಗೆ ತಾಗಿದ ಮೂಟೆ ಬಿಳಿಚಿಕೊಳ್ಳುತ್ತದೆ ಎಂದು ಚಿಕ್ಕಂದಿನಿಂದ ಗೊತ್ತು. ಕಾಗದಕ್ಕೂ ಇದನ್ನೇ ಮಾಡಬಾರದೇಕೆ? ಹೊರಗೋಡೆಯೇ ಇಲ್ಲದ, ಮನೆಯ ನಟ್ಟನಡುವಿನ ಸಣ್ಣ ಕೋಣೆಯನ್ನು ತೆರವು ಮಾಡಿದೆ. ಗೋಡೆಯಿಂದ ದೂರ ಮರದ ಅರೆಗಳು, ಪುಸ್ತಕಗಳ ನಡುವೆ ಬೆರಳಷ್ಟು ಸಂದು, ಪ್ರಿಂಟ್‌ಗಳಿಗೆ ಆಮ್ಲರಹಿತ ಬೋರ್ಡಿನ ಪೆಟ್ಟಿಗೆ. ತೇವ ಹೀರುವ ಯಂತ್ರಕ್ಕೆ ಇಪ್ಪತ್ತೆಂಟು ಸಾವಿರ ಬಿತ್ತು. ಅದನ್ನು ಇನ್ವರ್ಟರ್‌ಗೆ ಜೋಡಿಸಿದೆ. ಕರೆಂಟ್ ಬಿಲ್ ಮಳೆಗಾಲದಲ್ಲಿ ತಿಂಗಳಿಗೆ ಆರುನೂರೋ ಏಳುನೂರೋ ಹೆಚ್ಚು ಬರುತ್ತದೆ. ಕೋಣೆಯ ಗಾಳಿಯ ಆರ್ದ್ರತೆ ಶೇಕಡಾ ಐವತ್ತರಿಂದ ಐವತ್ತೈದರ ನಡುವೆ ನಿಲ್ಲಬೇಕು. ಅರವತ್ತೈದು ದಾಟಿ ಕೆಲವು ದಿನ ನಿಂತರೆ ಬೂಷ್ಟು ಬಂತೆಂದೇ ಲೆಕ್ಕ.

ಆರ್ದ್ರತೆ ಅಳೆಯುವ ಮಾಪಕವನ್ನು ಮಾತ್ರ ಕುರುಡಾಗಿ ನಂಬಬೇಡಿ. ಉಪ್ಪಿಗೆ ನೀರು ಚಿಮುಕಿಸಿ ಕೆಸರಿನಂತೆ ಕಲಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಅದು ಎಪ್ಪತ್ತೈದು ತೋರಿಸಬೇಕು. ನನ್ನದು ಅರವತ್ತೇಳು ತೋರಿಸಿತು. ಎಂಟು ಕಡಿಮೆ ತೋರಿಸುವ ಮಾಪಕವನ್ನು ಒಂದಿಡೀ ವರ್ಷ ನಂಬಿದ್ದೆ. ಪೆಟ್ಟಿಗೆಗಳ ತಳಕ್ಕೆ ನಾನು ಹಾಕುವುದು ತೇವ ಹೀರುವ ಸಿಲಿಕಾ ಜೆಲ್ ಹರಳಲ್ಲ, ತೋಟದಲ್ಲೇ ಸಿಗುವ ವಸ್ತು. ಏನೆಂದು ಸದ್ಯಕ್ಕೆ ಬರೆಯುವುದಿಲ್ಲ. ಇನ್ನೆರಡು ಮಳೆಗಾಲ ಕಳೆಯಲಿ.

ಮೂಟೆ ಹೊರಳಿಸಿದಂತೆ ಪುಸ್ತಕವನ್ನೂ ಹೊರಳಿಸಬೇಕಲ್ಲ. ಭಾನುವಾರಕ್ಕೊಂದರಂತೆ ಪ್ರಿಂಟ್, ಜೊತೆಗೆ ಎರಡು ಪುಸ್ತಕ ಹೊರಗೆ ಬರುತ್ತವೆ, ಪುಟ ಪುಟವೂ ತಿರುಗುತ್ತದೆ. ಕೆಲಸಕ್ಕೆಂದು ಶುರುವಾದ ಈ ಹೊರಳಿಸುವಿಕೆಯೇ ನನಗೆ ನೋಡುವುದನ್ನು ಕಲಿಸಿತು. ಅಲ್ಲಿಯವರೆಗೆ ನಾನು ಚಿತ್ರಗಳನ್ನು ಕೊಂಡಿದ್ದೆ, ಅಷ್ಟೇ.

ಮೊದಲು ತಿಳಿದದ್ದು ಬೆಳಕಿನ ವಿಷಯ. ಟ್ಯೂಬ್‌ಲೈಟಿನ ಕೆಳಗೆ ಬೆಳ್ಳಿ ಪ್ರಿಂಟ್ ಸತ್ತಂತಿರುತ್ತದೆ. ಬೇಸಿಗೆಯ ಬಿಸಿಲು ಮೇಲ್ಮೈಯಲ್ಲಿ ಹೊಳೆದು ಕಪ್ಪನ್ನೇ ಕಾಣಗೊಡುವುದಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ, ಮೋಡ ಸೋಸಿದ ಬೆಳಕು ಉತ್ತರದ ಕಿಟಕಿಯಿಂದ ಒಂದೇ ಸಮನೆ ಬೀಳುವಾಗ ಅದೇ ಪ್ರಿಂಟ್ ಹಿಡಿದು ನೋಡಿ. ಸಿಲ್ವರ್ ಓಕ್ ಮರಗಳ ನೆರಳಿನೊಳಗೆ ಕಾಫಿ ಗಿಡಗಳ ಒಂದೊಂದು ಎಲೆಯೂ ಬೇರೆಯಾಗಿ ಏಳುತ್ತದೆ. ಪ್ರಿಂಟ್ ಕೊಲ್ಲುವ ಮಳೆಗಾಲವೇ ಪ್ರಿಂಟ್ ನೋಡಲು ಹೇಳಿಸಿದ ಕಾಲ. ಗಂಟೆಯೊಳಗೆ ಒಳಗಿಡಬೇಕು, ಅಷ್ಟೇ.

ಇನ್ನೊಂದು ಮಂಜಿನ ವಿಷಯ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಗುಡ್ಡದಲ್ಲಿ ನಾನು ತೆಗೆದ ಮಂಜನ್ನು ಮುದ್ರಿಸಿದಾಗಲೆಲ್ಲ ಅದು ಖಾಲಿ ಕಾಗದದಂತೆ ಕಾಣುತ್ತಿತ್ತು. ಆ ಹಿರಿಯ ಛಾಯಾಗ್ರಾಹಕರ ಪ್ರಿಂಟ್‌ನಲ್ಲಿ ಮಾತ್ರ ಮಂಜಿಗೆ ಮೈ ಇತ್ತು. ಒಂದು ಭಾನುವಾರ ಅದರ ಪಕ್ಕಕ್ಕೆ ಬಿಳಿ ಹಾಳೆ ಹಿಡಿದೆ. ನಾನು ಬಿಳಿ ಎಂದುಕೊಂಡಿದ್ದ ಮಂಜು ಬಿಳಿಯೇ ಆಗಿರಲಿಲ್ಲ, ತೆಳು ಬೂದಿ ಬಣ್ಣ. ಇಡೀ ಚಿತ್ರದಲ್ಲಿ ನಿಜವಾದ ಬಿಳಿ ಇದ್ದದ್ದು ಒಂದೇ ಕಡೆ, ಗದ್ದೆಯ ನೀರಿನಲ್ಲಿ, ಉಗುರಿನಷ್ಟು. ಆಮೇಲೆ ನಾನೂ ಹತ್ತಿಯ ಮ್ಯಾಟ್ ಕಾಗದ ತರಿಸಿ, ಹಾಳೆಗೆ ಸುಮಾರು ಇನ್ನೂರೆಂಬತ್ತು ರೂಪಾಯಿಯಂತೆ, ಹದಿನಾಲ್ಕು ಹಾಳೆ ಕೆಡಿಸಿ ಹದಿನೈದನೆಯದರಲ್ಲಿ ಮಂಜು ಹಿಡಿದೆ. ಆ ಚಿತ್ರದ ಮೂರು ಪ್ರತಿಗಳನ್ನು ಹೋಂಸ್ಟೇಯವರೊಬ್ಬರು ಹದಿಮೂರು ಸಾವಿರಕ್ಕೆ ಕೊಂಡರು.

ಪುಸ್ತಕಗಳಲ್ಲಿಯೂ ಹೀಗೆ ಅಕ್ಕಪಕ್ಕ ಇಟ್ಟು ನೋಡುವುದೇ ನನ್ನ ಪದ್ಧತಿ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡಿಸ್ ಊರಿನ ಮೇಲೆ ಚಂದ್ರ ಏರಿದ್ದನ್ನು ತೆಗೆದ ಚಿತ್ರ ನನ್ನ ಎರಡು ಪುಸ್ತಕಗಳಲ್ಲಿದೆ. ಒಂದರಲ್ಲಿ ಆಕಾಶದಲ್ಲಿ ಮೋಡದ ಗೆರೆಗಳಿವೆ. ಇನ್ನೊಂದರಲ್ಲಿ ಆಕಾಶ ಕಾಡಿಗೆಯಂತೆ ಕಪ್ಪು. ಮುದ್ರಣದ ತಪ್ಪಲ್ಲ. ಅದೇ ನೆಗೆಟಿವ್ ಇಟ್ಟುಕೊಂಡು ಅವರು ದಶಕಗಳ ಕಾಲ ಪ್ರಿಂಟ್ ಮಾಡುತ್ತ ಹೋದರು, ವಯಸ್ಸಾದಂತೆ ಆಕಾಶವನ್ನು ಕಪ್ಪಾಗಿಸುತ್ತ ಬಂದರು. ಪಿಯಾನೊ ಕಲಿತಿದ್ದ ಮನುಷ್ಯ, ಒಂದೇ ರಾಗವನ್ನು ಬೇರೆ ಬೇರೆ ವಯಸ್ಸಿನಲ್ಲಿ ಬೇರೆಯಾಗಿ ನುಡಿಸಿದ ಹಾಗೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಛಾಯಾಗ್ರಾಹಕ ಮೈಕೆಲ್ ಕೆನ್ನಾ ಅವರದು ಇನ್ನೊಂದು ಬಗೆ. ಜಪಾನಿನ ಹೊಕ್ಕೈಡೊದ ಹಿಮದಲ್ಲಿ ನಿಂತ ಒಂಟಿ ಮರವನ್ನು ಎಂಟು ಇಂಚಿನಷ್ಟೇ ಚೌಕದಲ್ಲಿ ತಾವೇ ಪ್ರಿಂಟ್ ಮಾಡುತ್ತಾರೆ. ನನ್ನ ಚಿತ್ರವೊಂದನ್ನು ಮೂರಡಿಗೂ ಎಂಟು ಇಂಚಿಗೂ ಮಾಡಿ ಜಗುಲಿಯಲ್ಲಿ ತೂಗುಹಾಕಿದೆ. ಬಂದವರು ದೊಡ್ಡದನ್ನು ಹೊಗಳಿ ಮುಂದೆ ಹೋದರು, ಚಿಕ್ಕದರ ಮುಂದೆ ಬಗ್ಗಿ ನಿಂತರು.

ದೊಡ್ಡಮ್ಮ ಬಂದಾಗ ಮಕ್ಕಂದೂರು ಕಡೆಯ ಗುಡ್ಡದ ಪ್ರಿಂಟ್ ಹೊರಗಿತ್ತು. 2018ರ ಆಗಸ್ಟ್‌ನಲ್ಲಿ ಜಾರಿಹೋದ ಇಳಿಜಾರು ಅದು. ಅವರು ಕನ್ನಡಕ ಸರಿಪಡಿಸಿಕೊಂಡು, ಕಾಗದಕ್ಕೆ ಬೆರಳು ತಾಗಿಸದೆ, ಇಲ್ಲಿ ನೀರಿನ ದಾರಿ ಇತ್ತು, ಇಲ್ಲಿ ಹಲಸಿನ ಮರ, ಈ ತಿರುವಿನಲ್ಲಿ ನಾವು ಸೌದೆ ಇಳಿಸಿ ಕೂರುತ್ತಿದ್ದೆವು ಎಂದು ತೋರಿಸುತ್ತ ಹೋದರು. ಹಲಸಿನ ಮರ ಭೂತಗನ್ನಡಿಯಲ್ಲಿ ನಿಜವಾಗಿಯೂ ಇತ್ತು. ಅಷ್ಟು ವರ್ಷ ನೋಡಿಯೂ ನಾನು ಅದನ್ನು ಕಂಡಿರಲಿಲ್ಲ.

ಈಗ ಆ ಪೆಟ್ಟಿಗೆಯ ಮೇಲೆ ಜಾಗದ ಹೆಸರು ಬರೆದು ಅಂಟಿಸಿದ್ದೇನೆ. ಉಳಿದ ಹತ್ತನ್ನೂ ದೊಡ್ಡಮ್ಮನಿಗೆ ತೋರಿಸಬೇಕು. ಸುಗ್ಗಿಹಬ್ಬ ಪುತ್ತರಿಗೆ ಬರುತ್ತೇನೆ ಎಂದಿದ್ದಾರೆ.