ಲಿಥುವೇನಿಯಾದಲ್ಲಿ ಕ್ರಿಸ್‌ಮಸ್ ಊಟ: ಕೊಪ್ಪಳದಿಂದ ಹೊರಡುವವರಿಗೆ

ಡಿಸೆಂಬರಿನಲ್ಲಿ ಲಿಥುವೇನಿಯಾಕ್ಕೆ ಹೋಗುತ್ತೀರಾ? ಹಾಗಾದರೆ 24ರ ರಾತ್ರಿಯ ಊಟ ತಪ್ಪಿಸಿಕೊಳ್ಳಬೇಡಿ. ಅದಕ್ಕೆ ಅಲ್ಲಿ ಕೂಚೋಸ್ ಅನ್ನುತ್ತಾರೆ. ರಾಜಧಾನಿ ವಿಲ್ನಿಯಸ್ಸಿನ ಕೆಥೆಡ್ರಲ್ ಚೌಕದ ದೊಡ್ಡ ಮರ, ಸಂತೆ ಎಲ್ಲ ಚೆಂದವೇ, ಆದರೆ ಒಂದು ಸಂಜೆಗೆ ನೋಡಿ ಮುಗಿಯುತ್ತದೆ. ಹಬ್ಬ ಇರುವುದು ಮನೆಯೊಳಗೆ. ಅಲ್ಲಿ ಓದುವ, ದುಡಿಯುವ ಪರಿಚಯದವರಿದ್ದರೆ ಈಗಲೇ ಕೇಳಿಡಿ.

ಬೇಕಾದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋವರೆಗಿನ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು, ಅಲ್ಲಿಂದ ವಿಮಾನ ಬದಲಿಸಿಕೊಂಡು ವಿಲ್ನಿಯಸ್. ಥರ್ಮಲ್, ಉಣ್ಣೆ ಸಾಕ್ಸ್, ನೀರು ಇಳಿಯದ ಬೂಟು ಇರಲಿ.

ಉಡುಗೊರೆಗೆ ಪೇಢೆ, ತುಪ್ಪ ಬೇಡ, ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಒಂದು ಕಿನ್ನಾಳ ಗೊಂಬೆ ಒಯ್ಯಿರಿ. ಹಗುರ, ನಮ್ಮದೇ ಊರಿನದು.

ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುವುದು ವಾಡಿಕೆ. ಮೇಜಿನ ಬಿಳಿ ಬಟ್ಟೆಯ ಕೆಳಗೆ ಒಣಹುಲ್ಲು ಹಾಸಿರುತ್ತಾರೆ. ಹನ್ನೆರಡು ಬಗೆ ಅಡುಗೆ, ಮಾಂಸ, ಹಾಲು, ಮೊಟ್ಟೆ ಯಾವುದೂ ಸೇರಬಾರದು ಅನ್ನುವುದು ಹಳೆಯ ಪದ್ಧತಿ. ಹಾಗಂತ ಸಸ್ಯಾಹಾರಿಗಳು ಸುಮ್ನೆ ಕೂತುಬಿಡಬೇಡಿ, ಹೆರಿಂಗ್ ಮೀನು ಇದ್ದೇ ಇರುತ್ತದೆ, ಮೊದಲೇ ಹೇಳಿ. ಬೀಟ್‌ರೂಟ್, ಅಣಬೆ, ಕ್ರ್ಯಾನ್‌ಬೆರಿಯ ಗಟ್ಟಿ ಪಾನಕ ನಿಮಗೆ ಸಾಕು. ಮನೆಯ ಹಿರಿಯರು ತೆಳುವಾದ ಬಿಳಿ ರೊಟ್ಟಿ ಹಂಚುತ್ತಾರೆ. ಪಕ್ಕದವರದ್ದರಲ್ಲಿ ಒಂದು ಚೂರು ಮುರಿದುಕೊಳ್ಳಿ, ನಿಮ್ಮದನ್ನೂ ಮುಂದೆ ಹಿಡಿಯಿರಿ. ಆ ವರ್ಷ ತೀರಿಕೊಂಡವರಿಗೆ ಒಂದು ಖಾಲಿ ತಟ್ಟೆ ಇಟ್ಟಿರುತ್ತಾರೆ. ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುತ್ತೇವಲ್ವಾ, ಹಾಗೇ. ಅಲ್ಲಿ ಕೂರಬೇಡಿ.

ನನಗೆ ಜಾಸ್ತಿ ಹಿಡಿಸಿದ್ದು ಗಸಗಸೆ ಹಾಲು. ಗಸಗಸೆ ನೆನೆಸಿ, ಅರೆದು, ಸೋಸಿ, ಸ್ವಲ್ಪ ಸಿಹಿ ಹಾಕಿ ತಣ್ಣಗೇ ಕೊಡುತ್ತಾರೆ, ನಮ್ಮ ಪಾಯಸದಷ್ಟು ಮಂದ ಇರುವುದಿಲ್ಲ. ಅದರಲ್ಲಿ ಗೋಲಿಯಷ್ಟು ಗಾತ್ರದ ಗಟ್ಟಿ ಬಿಸ್ಕತ್ತು ತೇಲುತ್ತಿರುತ್ತದೆ, ಹೆಸರು ಕೂಚುಕಾಯ್. ಮೆತ್ತಗಾಗುವವರೆಗೆ ಕಾಯಿರಿ. ಮೊದಲ ಚಮಚಕ್ಕೇ ಅವ್ವನ ಅಡುಗೆಮನೆಯ ಒರಳುಕಲ್ಲು ನೆನಪಾಯಿತು. ಇಷ್ಟವಾಯಿತು ಅಂತ ಕೂಚುಕಾಯ್ ಪೊಟ್ಟಣ ಕಟ್ಟಿಸಿಕೊಂಡು ದುಬೈ ದಾರಿಯಲ್ಲಿ ಬರಬೇಡಿ, ಅದರ ಹಿಟ್ಟಿಗೂ ಗಸಗಸೆ ಹಾಕಿರುತ್ತಾರೆ, ಅಲ್ಲಿ ಗಸಗಸೆ ನಿಷೇಧ. ಜೈಲಿಗೆ ಹೋದವರಿದ್ದಾರೆ.

ಊಟವಾದ ಮೇಲೆ ಬಟ್ಟೆಯ ಕೆಳಗಿಂದ ಕಣ್ಣು ಮುಚ್ಚಿ ಒಂದು ಹುಲ್ಲುಕಡ್ಡಿ ಎಳೆಯಿರಿ. ಉದ್ದ ಬಂದರೆ ದೀರ್ಘಾಯುಷ್ಯ. ಸಹಾಯ ಮಾಡೋಣ ಅಂತ ತಟ್ಟೆ ಎತ್ತಲು ಏಳಬೇಡಿ. ಹಳೆಯ ಮನೆಗಳಲ್ಲಿ ಉಳಿದದ್ದನ್ನು ಬೆಳಗಿನವರೆಗೆ ಹಾಗೇ ಬಿಡುತ್ತಾರೆ, ರಾತ್ರಿ ಹಿರಿಯರು ಬಂದು ಉಣ್ಣುತ್ತಾರೆ ಅಂತ.