‘ಟೇಕ್ ಆಫ್’ ಒಂದನ್ನೇ ವಾರವಿಡೀ ಕಲಿಸಿದ ನನ್ನ ಅನುಭವ

ಬ್ಯಾಂಕ್ ಪರೀಕ್ಷೆಗೆ ಓದುವ ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಒಂದು ವಾರವಿಡೀ ಇಂಗ್ಲಿಷಿನ ‘ಟೇಕ್ ಆಫ್’ ಎಂಬ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ‘ಆಫ್’, ‘ಓವರ್’ನಂಥ ಪುಟ್ಟ ಪದ ಸೇರಿ ಬೇರೆ ಅರ್ಥ ಕೊಡುವ ಜೋಡಿ) ಒಂದನ್ನೇ ಕಲಿಸುತ್ತೇನೆಂದಾಗ, ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಸಾಲದೇ ಎಂದು ಜೊತೆಯ ಉಪನ್ಯಾಸಕರು ನಕ್ಕಿದ್ದರು. ಆ ಹಾದಿಯನ್ನು ನಾನೂ ತುಳಿದವನೇ. ಮುನ್ನೂರು ಚಿಲ್ಲರೆ ಫ್ರೇಸಲ್ ವರ್ಬ್‌ಗಳ ಕಿರುಪುಸ್ತಕ ಅಚ್ಚು ಹಾಕಿಸಲು ಎಂಟು ಸಾವಿರದಷ್ಟು ಖರ್ಚಾಯಿತು. ಮಾರಾಟದಿಂದ ಅದರ ಅರ್ಧವೂ ಹುಟ್ಟಲಿಲ್ಲ, ಕೊಂಡು ಓದಿದವರಿಗೂ ಪ್ರಶ್ನೆಪತ್ರಿಕೆಯ ಮುಂದೆ ಪಟ್ಟಿಯ ಮೊದಲ ಅರ್ಥವಷ್ಟೇ ನೆನಪಾಗುತ್ತಿತ್ತು. ಆಮೇಲೆ ಲ್ಯಾಮಿನೇಟ್ ಮಾಡಿಸಿದ ಚಿತ್ರದ ಕಾರ್ಡುಗಳಿಗೆ ಇನ್ನೆರಡು ಸಾವಿರ ಹೋಯಿತು. ಕಾರ್ಡಿನಲ್ಲಿ ವಿಮಾನ ಕಂಡವರು ವಾಕ್ಯದಲ್ಲಿದ್ದ ಚಪ್ಪಲಿಯನ್ನೂ ಹಾರಿಸಿದರು.

ಕೊನೆಗೆ ಫಲಿಸಿದ ವಿಧಾನಕ್ಕೆ ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕಾಯಿತು. ಮೊದಲು ‘ಹೊಡೆ’ ಎಂದು ಬರೆದು, ಮುಂದೆ ಬಣ್ಣ, ಮೊಳೆ, ನಿದ್ದೆ, ಲಾಟರಿ ಎಂದು ಸೇರಿಸಿದೆ. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಅದೇ ಕ್ರಮದಲ್ಲಿ ‘ಟೇಕ್ ಆಫ್’ನ ಜೊತೆಗಿರುವ ನಾಮಪದವನ್ನಷ್ಟೇ ನೋಡಿಸಿದೆ. ಕರ್ಮಪದವಿಲ್ಲದಿದ್ದರೆ ಕರ್ತೃವನ್ನು ಹಿಡಿಯಬೇಕು: ವಿಮಾನವಾದರೆ ಮೇಲೇರಿತು, ವ್ಯಾಪಾರವಾದರೆ ದಿಢೀರನೆ ಕುದುರಿತು, ಕಳ್ಳನಾದರೆ ಕಾಲಿಗೆ ಬುದ್ಧಿ ಹೇಳಿದ. ಕರ್ಮಪದವು ಕೋಟಾದರೆ ಕಳಚುವುದು, ಎರಡು ದಿನವಾದರೆ ರಜೆ ಹಾಕುವುದು, ನೂರು ರೂಪಾಯಿಯಾದರೆ ಬೆಲೆ ಇಳಿಸುವುದು. ವ್ಯಕ್ತಿ ಬಂದಾಗ ಮಾತ್ರ ಸಂದರ್ಭವನ್ನೇ ನಂಬಬೇಕು. ಕ್ರಿಕೆಟ್ ನಾಯಕನು ಬೌಲರನನ್ನು ‘ಟೇಕ್ ಆಫ್’ ಮಾಡಿದರೆ ಬೌಲಿಂಗ್ ನಿಲ್ಲಿಸಿ ಬೇರೆಯವನಿಗೆ ಚೆಂಡು ಕೊಟ್ಟನೆಂದೂ, ಬ್ರಿಟಿಷ್ ಇಂಗ್ಲಿಷಿನಲ್ಲಿ ಹಾಸ್ಯಗಾರನು ಮಂತ್ರಿಯನ್ನು ಹಾಗೆ ಮಾಡಿದರೆ ಅನುಕರಿಸಿ ಅಣಕಿಸಿದನೆಂದೂ ಅರ್ಥ.

ಸರ್ವನಾಮದ ಸ್ಥಾನ ಇದಕ್ಕಿಂತ ಹೆಚ್ಚು ಕಾಡಿತು. ‘ಟೇಕ್ ಇಟ್ ಆಫ್’ ಸರಿ, ‘ಟೇಕ್ ಆಫ್ ಇಟ್’ ತಪ್ಪು ಎಂಬುದನ್ನು ಮೇಜು ಬಡಿದು, ‘ಆಫ್’ ಮೇಲೆ ಪೆಟ್ಟು ಬೀಳುವಂತೆ ಹೇಳಿಸಿಯೇ ಕೂರಿಸಿದೆ. ಹುಮ್ಮಸ್ಸಿನಲ್ಲಿ ಇದೇ ಪ್ರಯೋಗವನ್ನು ‘ಗೆಟ್ ಓವರ್’ಗೂ (ಚೇತರಿಸಿಕೊಳ್ಳು) ಒಡ್ಡಿದಾಗ ಅದು ನಡೆಯಲಿಲ್ಲ, ಏಕೆಂದರೆ ಅಲ್ಲಿ ‘ಗೆಟ್ ಓವರ್ ಇಟ್’ ಎಂಬುದೇ ಸರಿ. ‘ಪುಟ್ ಆಫ್’ ಮಾತ್ರ ಸೊಗಸಾಗಿ ಹೊಂದಿತು: ಸಭೆಯಾದರೆ ಮುಂದೂಡುವುದು, ದೀಪವಾದರೆ ಆರಿಸುವುದು.

ಮೊದಲು ನಲವತ್ತರ ತರಗತಿಯಲ್ಲಿ ಏಳೆಂಟು ಜನ ಸರಿಯಾಗಿ ಬರೆಯುತ್ತಿದ್ದರೆ, ಈಗ ಮೂವತ್ತರ ಆಸುಪಾಸು ಬರೆಯುತ್ತಾರೆ. ನಕ್ಕವರಲ್ಲಿ ಒಬ್ಬರು ಕ್ಯಾಲೆಂಡರ್ ಹಾಳೆಗಳನ್ನು ಕೇಳಿ ಒಯ್ದಿದ್ದಾರೆ. ನಾಮಪದಗಳನ್ನು ಯಾವ ಸರದಿಯಲ್ಲಿ ಹಲಗೆಗೆ ತರುತ್ತೇನೆಂಬುದನ್ನು ಅವರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಈ ಬ್ಯಾಚಿನ ಶುಲ್ಕ ಅದರಿಂದಲೇ ಬರುತ್ತಿದೆ.