ಮನೆ ಹೊತ್ತ ಪಿಕಪ್‌ಗೆ ಟೈರ್ ಆರಿಸಿದ ಕಥೆ

ಟ್ರಕ್ ಕ್ಯಾಂಪರ್ ಅಂದ್ರೆ ಹಿಂದೆ ಎಳೆದುಕೊಂಡು ಹೋಗುವ ಟ್ರೈಲರ್ ಅಲ್ಲ. ಪಿಕಪ್‌ನ ಬೆಡ್ ಮೇಲೆಯೇ ಕೂರುವ ಪುಟ್ಟ ಮನೆ. ಹಾಸಿಗೆ, ಒಲೆ, ಫ್ರಿಜ್, ನೀರಿನ ಟ್ಯಾಂಕ್ ಎಲ್ಲ ಅದರೊಳಗೇ. ಈ ಭಾರ ಹೆಚ್ಚುಕಮ್ಮಿ ಪೂರ್ತಿ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಗಾಡಿ ರ‍್ಯಾಮ್ 3500, ಹಿಂದೆ ನಾಲ್ಕು ಟೈರ್ ಇರುವ ಡ್ಯೂಯಲಿ ಅಲ್ಲ, ಅಂದರೆ ಹಿಂದೆ ಆ ಭಾರ ಹೊರೋದು ಎರಡೇ ಟೈರ್. ಹಳೇ ಟೈರ್ ಸವೆದು ಹೊಸದು ನೋಡಲು ಹೋದಾಗ ಎಲ್ಲರೂ ಕೇಳಿದ್ದು ಯಾವ ಬ್ರ್ಯಾಂಡ್ ಬೇಕು ಅಂತ. ನಾನು ಶುರು ಮಾಡಿದ್ದು ತೂಕದಿಂದ.

ಬ್ರೋಷರ್‌ನಲ್ಲಿ ಬರೆದಿರುವ ತೂಕ ಖಾಲಿ ಕ್ಯಾಂಪರ್‌ದು. ಅದನ್ನು ನಂಬಿ ಲೆಕ್ಕ ಹಾಕಬೇಡಿ. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್, ನಲವತ್ತು ಗ್ಯಾಲನ್ ತುಂಬಿಸಿದರೆ ಅದೊಂದೇ 330 ದಾಟುತ್ತದೆ, ಅದರ ಮೇಲೆ ಪ್ರೋಪೇನ್ ಸಿಲಿಂಡರ್, ಬ್ಯಾಟರಿ, ಬಟ್ಟೆ, ಅಕ್ಕಿ-ಬೇಳೆ, ಕುಕ್ಕರ್ (ಕುಕ್ಕರ್ ಬಿಟ್ಟು ನಾವು ಹೊರಡುವುದಿಲ್ಲ), ಕೊನೆಗೆ ನಾವೂ ಇದ್ದೀವಲ್ಲ. ಹಾಗಾಗಿ ಪ್ರವಾಸಕ್ಕೆ ಹೊರಡುವ ಹಾಗೆ ಎಲ್ಲ ತುಂಬಿಕೊಂಡು, ಡೀಸೆಲ್ ಫುಲ್ ಮಾಡಿಸಿ, ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. ಲಾರಿಗಳಿಗೆ ಅಂತ ಇರುವ ತಕ್ಕಡಿ ಅದು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿ ಚೀಟಿ ಕೊಡುತ್ತದೆ. ಹಿಂದಿನದು 6,640 ಪೌಂಡ್ ಬಂತು, ಸುಮಾರು ಮೂರು ಟನ್. ಬಾಗಿಲ ಹತ್ತಿರದ ಸ್ಟಿಕ್ಕರ್ ಪ್ರಕಾರ ಹಿಂದಿನ ಆಕ್ಸಲ್‌ನ ಮಿತಿ 7,000. ಒಳಗಿದ್ದೀವಿ, ಆದರೆ ಸಲೀಸಾಗಿ ಅಲ್ಲ.

ಟೈರ್ ಮೇಲಿನ 'ಇ' ಅನ್ನುವ ಲೋಡ್ ರೇಂಜ್ (ಟೈರ್ ಎಷ್ಟು ಗಟ್ಟಿ ಅನ್ನುವ ಅಕ್ಷರದ ದರ್ಜೆ) ನೋಡಿ ತುಂಬ ಜನ ನಿಶ್ಚಿಂತರಾಗುತ್ತಾರೆ. ಹತ್ತು ಪ್ಲೈ ಅಂದರೆ ಪದರ, 80 ಪಿಎಸ್‌ಐ ಗಾಳಿ ಒತ್ತಡ, ಇನ್ನೇನು ಬೇಕು ಅಂತ. ಈಗಿನ ಟೈರ್‌ಗಳಲ್ಲಿ ಹತ್ತು ಪದರ ಎಲ್ಲಿಯೂ ಇರುವುದಿಲ್ಲ, ಅದು ಹಳೇ ಲೆಕ್ಕದ ಹೆಸರು ಅಷ್ಟೇ. ಒಂದು ಟೈರ್ ಎಷ್ಟು ಹೊರುತ್ತದೆ ಅಂತ ಹೇಳುವುದು ಸೈಜ್ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್. ಅದೇ 'ಇ' ಅಕ್ಷರದಲ್ಲಿ 121 ಇಂಡೆಕ್ಸ್ ಇದ್ದರೆ ಒಂದು ಟೈರ್‌ಗೆ 3,195 ಪೌಂಡ್, 125 ಇದ್ದರೆ 3,640, 126 ಇದ್ದರೆ 3,750. ನನ್ನ ಗಾಡಿಗೆ ಬಂದಿದ್ದ ಎಲ್‌ಟಿ 275/70ಆರ್18 ಸೈಜ್‌ದು 125. ಎರಡು ಸೇರಿ 7,280. 6,640ಕ್ಕೆ ಸಾಕು.

ಈಗ ತಮಾಷೆ ನೋಡಿ. ಗೆಳೆಯನೊಬ್ಬ 35 ಇಂಚಿನ ಟೈರ್ ಹಾಕಿಸು, ಗಾಡಿ ಗಟ್ಟಿಮುಟ್ಟಾಗಿ ಕಾಣುತ್ತೆ, ದೊಡ್ಡ ಟೈರ್ ಜಾಸ್ತಿ ಭಾರ ಹೊರುತ್ತೆ ಅಂದ. ಆದರೆ 35x12.50ಆರ್20 ಸೈಜ್ 'ಇ' ರೇಂಜ್‌ನಲ್ಲಿ 121 ಇಂಡೆಕ್ಸ್‌ದು. ಎರಡು ಸೇರಿದರೆ 6,390, ನನ್ನ ತೂಕಕ್ಕಿಂತ ಕಮ್ಮಿ! ಅದೇ ಸೈಜ್ 'ಎಫ್' ರೇಂಜ್‌ನಲ್ಲಿ ಸಿಗುತ್ತದೆ, 3,640 ಹೊರುತ್ತದೆ. ಆದರೆ ಹೊಸ ರಿಮ್, ಜಾಸ್ತಿ ಡೀಸೆಲ್, ಇಷ್ಟೆಲ್ಲ ಮಾಡಿ ಮತ್ತೆ ಮೊದಲಿದ್ದ ಜಾಗಕ್ಕೇ ಬರೋದು ಯಾಕೆ? ಗಾಡಿ ಕಂಪನಿಯದ್ದಲ್ಲದ ರಿಮ್ ತಗೊಳ್ಳೋದಾದರೆ ಅದಕ್ಕೂ ಒಂದು ಭಾರದ ಮಿತಿ ಇರುತ್ತದೆ, ಸಾಮಾನ್ಯವಾಗಿ ರಿಮ್‌ನಲ್ಲೇ ಅಚ್ಚೊತ್ತಿರುತ್ತಾರೆ. ಅಂಗಡಿಯವರು ತಾವಾಗಿ ಹೇಳುವುದು ಅಪರೂಪ.

ಇನ್ನೊಂದು ಕಡೆ 19.5 ಇಂಚಿನ ಕಮರ್ಷಿಯಲ್ ಟೈರ್‌ಗಳು. 225/70ಆರ್19.5, 'ಜಿ' ರೇಂಜ್, 110 ಪಿಎಸ್‌ಐನಲ್ಲಿ ಒಂದಕ್ಕೆ 3,970 ಪೌಂಡ್. ಕಲ್ಲಿನ ಹಾಗೆ ಗಟ್ಟಿ. ಓಲಾಟ ಕಮ್ಮಿಯಾಗುತ್ತದೆ, ನಿಜ. ಆದರೆ ಟೈರ್ ಎಷ್ಟೇ ಹೊತ್ತರೂ ಆಕ್ಸಲ್‌ನ 7,000 ಹಾಗೇ ಇರುತ್ತದಲ್ಲ. ಕ್ಯಾಂಪರ್ ಇಳಿಸಿದ ದಿನ ಸೊಂಟ ಹಿಡಿಯುವುದು ಬೇರೆ. ಬೇಡ ಅಂದೆ. ಹಿಂದಿನ ಸ್ಪ್ರಿಂಗ್‌ಗೆ ಜೊತೆಯಾಗಿ ಹಾಕಿಸುವ ಏರ್‌ಬ್ಯಾಗ್ ವಿಷಯವೂ ಅಷ್ಟೇ, ಹಿಂಭಾಗ ಎತ್ತಿ ಸಮ ಮಾಡುತ್ತದೆ, ಟೈರ್ ಮೇಲಿನ ಒಂದು ಪೌಂಡೂ ಇಳಿಸುವುದಿಲ್ಲ.

ಸೈಜ್ ನಿಂತ ಮೇಲೆ ಟ್ರೆಡ್, ಅಂದರೆ ರಸ್ತೆಗೆ ತಾಗುವ ಮೈಯ ಅಚ್ಚು, ಆರಿಸುವುದು ಸುಲಭ. ಆಳದ ಮಡ್ ಟೈರ್‌ನಲ್ಲಿ ಟ್ರೆಡ್ ಬ್ಲಾಕ್‌ಗಳು ಭಾರಕ್ಕೆ ಅಲುಗುತ್ತವೆ, ತಿರುವಿನಲ್ಲಿ ಮೇಲಿರುವ ಮನೆ ತೂಗಾಡುವುದು ಇನ್ನೂ ಜಾಸ್ತಿ. ನಾವು ಓಡಾಡುವುದು ಹೆಚ್ಚಾಗಿ ಹೈವೇ 395ರಲ್ಲಿ, ಸಿಯೆರಾ ಪರ್ವತಸಾಲಿನ ಪೂರ್ವಕ್ಕೆ. ಅಡ್ಡಗಾಳಿ ಜೋರು, ಆಗಾಗ ಜಲ್ಲಿ ರಸ್ತೆ, ಚಳಿಗಾಲ ಬಂದರೆ ಹಿಮ. ಮಿಶೆಲಿನ್ ಡಿಫೆಂಡರ್ ಶಾಂತವಾಗಿ ಓಡುವ ಟೈರ್, ಬರೀ ಡಾಂಬರ್ ಆಗಿದ್ದರೆ ಅದನ್ನೇ ತಗೊಳ್ತಿದ್ದೆ. ಜಲ್ಲಿ, ಹಿಮ ಎರಡೂ ಇದ್ದಿದ್ದರಿಂದ ಟೊಯೊ ಓಪನ್ ಕಂಟ್ರಿ ಎ/ಟಿ 3 ಹಾಕಿಸಿದೆ, ಅದಕ್ಕೆ ಹಿಮದಲ್ಲಿ ಪರೀಕ್ಷೆ ಪಾಸಾದ ಟೈರ್‌ಗೆ ಕೊಡುವ ಮೂರು ಶಿಖರದ ಗುರುತೂ ಇದೆ. ಹಾಕುವ ಮೊದಲು ಟೈರ್ ಪಕ್ಕದಲ್ಲಿ ಅಚ್ಚೊತ್ತಿರುವ ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿಸಿಕೊಂಡೆ. ಅದರಲ್ಲಿ ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಆಮೇಲಿನ ಎರಡು ಅಂಕಿ ವರ್ಷ. ಕ್ಯಾಂಪರ್ ಗಾಡಿಯ ಟೈರ್ ಸವೆಯುವುದಕ್ಕಿಂತ ಮೊದಲು ವಯಸ್ಸಾಗಿ ಹೋಗುವುದೇ ಹೆಚ್ಚು.

ಗಾಳಿ: ಹಿಂದೆ 80, ಬೆಳಿಗ್ಗೆ ಗಾಡಿ ತಣ್ಣಗಿರುವಾಗ. ಜುಲೈನಲ್ಲಿ ಸೆಂಟ್ರಲ್ ವ್ಯಾಲಿ ದಾಟುವಾಗ ಮೀಟರ್ 90 ದಾಟುತ್ತದೆ. ಹೆದರಿ ಗಾಳಿ ಬಿಡಬಾರದು. 80 ಅನ್ನುವುದು ತಣ್ಣನೆ ಟೈರ್‌ನ ಲೆಕ್ಕ, ಬಿಸಿಯಾದಾಗ ಏರುವುದು ಆ ಲೆಕ್ಕದಲ್ಲೇ ಸೇರಿದೆ. ಬಿಟ್ಟರೆ ಪಕ್ಕದ ಗೋಡೆ ಜಾಸ್ತಿ ಬಾಗಿ ಇನ್ನೂ ಬಿಸಿಯಾಗುತ್ತದೆ, ಟೈರ್ ಸಿಡಿಯುವುದು ಹಾಗೇ.

7,280ರಲ್ಲಿ 6,640 ಕಳೆದರೆ ಉಳಿಯುವ 640 ಜಾಸ್ತಿ ಅನ್ನಿಸಬಹುದು. ಅದು ಎರಡೂ ಕಡೆ ಭಾರ ಸಮ ಇದ್ದರೆ ಮಾತ್ರ. ನಮ್ಮ ಕ್ಯಾಂಪರ್‌ನಲ್ಲಿ ಫ್ರಿಜ್ ಮತ್ತು ಅಡುಗೆ ಕಟ್ಟೆ ಒಂದೇ ಬದಿಗಿದೆ, ಹಾಗಾಗಿ ಆ ಬದಿಯ ಟೈರ್‌ಗೆ ಉಳಿದಿರುವುದು ಕಮ್ಮಿಯೇ. ಬ್ಯಾಟರಿ, ಸಾಮಾನಿನ ಡಬ್ಬ ಎಲ್ಲ ಎದುರು ಬದಿಗೆ ಸರಿಸಿದೆ. ನೀರನ್ನೂ ಕ್ಯಾಂಪ್‌ಗ್ರೌಂಡ್ ಹತ್ತಿರ ಹೋಗಿಯೇ ತುಂಬಿಸುತ್ತೇವೆ.

ಸ್ಪೇರ್ ಟೈರ್ ಕೂಡ ಅದೇ ಸೈಜ್, ಅದೇ ಇಂಡೆಕ್ಸ್ ಇರಬೇಕು. ಅದು ಬೆಡ್ ಕೆಳಗೆ ನೇತಾಡುತ್ತಿರುತ್ತದೆ, ಇಳಿಸಲು ಸರಳನ್ನು ಬಂಪರ್‌ನ ತೂತಿನಲ್ಲಿ ಹಾಕಿ ತಿರುಗಿಸಬೇಕು. ಕ್ಯಾಂಪರ್ ಕೂರಿಸಿದ ಮೇಲೆ ಅದರ ಮೆಟ್ಟಿಲು ಆ ತೂತಿಗೆ ಅಡ್ಡ ಬರಬಹುದು. ಒಮ್ಮೆ ಮನೆ ಮುಂದೆಯೇ, ಕ್ಯಾಂಪರ್ ಮೇಲಿರುವಾಗಲೇ, ಇಳಿಸಿ ನೋಡಿ.